ಏಳನೆಯವಳ ಮೂರು ಗಂಟೆ

"ಗೆರೆಯಮ್ಮನೋರು ನಗೋಕೂ ಹನ್ನೆರಡು ಗಂಟೆ ತಗೋತಾರಾ?"

ಲ್ಯಾಬಿನವನು ನನ್ನ ಜೊತೆ ಆಡಿದ ಮೊದಲ ಮಾತು ಅದು. ನಾನು ಹನ್ನೆರಡು ಸೆಕೆಂಡೂ ತೆಗೆದುಕೊಳ್ಳಲಿಲ್ಲ.

ನಮ್ಮ ಕಂಪನಿ ಪರೀಕ್ಷಿಸುತ್ತಿದ್ದದ್ದು ಅಫೀಮಿನ ಜಾತಿಯ ನೋವಿನ ಮಾತ್ರೆ. ಹನ್ನೆರಡು ಗಂಟೆಯುದ್ದಕ್ಕೂ ನಿಧಾನವಾಗಿ ಮೈಗೆ ಇಳಿಯಬೇಕು. ಅದನ್ನು ನುಂಗಿದ ವಾಲಂಟಿಯರುಗಳ ರಕ್ತದಲ್ಲಿ ಗಂಟೆಗಂಟೆಗೂ ಮದ್ದು ಎಷ್ಟಿದೆ ಎಂದು ಅವನು ಅಳೆದು ಕೊಡುತ್ತಿದ್ದ. ಆ ಅಂಕಿಗಳನ್ನು ಚುಕ್ಕೆಗಳಾಗಿಟ್ಟುಕೊಂಡು ನಾನು ಕಂಪ್ಯೂಟರಿನಲ್ಲಿ ಮಾಡೆಲ್ ಕಟ್ಟಿ, ಮದ್ದು ಏರಿಳಿಯುವ ಗೆರೆ ಎಳೆಯುತ್ತಿದ್ದೆ. ಎರಡು ವರ್ಷದಲ್ಲಿ ಅವನು ನನ್ನ ಕಪ್ಪಿನಲ್ಲೇ ಟೀ ಕುಡಿಯುವಷ್ಟು ಸಲಿಗೆ ಬೆಳೆಯಿತು. ಅಮ್ಮನಿಗೂ ಹೇಳಿಯಾಗಿತ್ತು. ಹುಡುಗ ಬಾಯಿಬಡುಕ, ಆದರೆ ಮನಸ್ಸು ಒಳ್ಳೆಯದು ಎಂದಿದ್ದಳು.

ಈ ಸಲ ಗೆರೆ ಚುಕ್ಕೆಗಳ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಕೂತಿತು. ವರದಿಗೆ ಸಹಿ ಹಾಕುವ ಮುಂಚೆ, ಬಿಟ್ಟುಹೋದ ಸ್ಯಾಂಪಲ್ಲುಗಳ ಪಟ್ಟಿಯ ಮೇಲೆ ಕಣ್ಣಾಡಿಸಿದೆ. ಏಳನೆಯ ವಾಲಂಟಿಯರ್, ಮೊದಲ ಮೂರು ಗಂಟೆ: 'ರಕ್ತ ಹೆಪ್ಪುಗಟ್ಟಿದೆ, ಅಳೆದಿಲ್ಲ.' ಅವನದೇ ದುಂಡು ಅಕ್ಷರ.

ಹೆಪ್ಪುಗಟ್ಟಬಾರದೆಂದೇ ಟ್ಯೂಬಿಗೆ ಔಷಧಿ ಹಾಕಿರುತ್ತೇವೆ. ಒಬ್ಬಳದೇ ರಕ್ತ ಸಾಲಾಗಿ ಮೂರು ಸಲ ಹೆಪ್ಪುಗಟ್ಟೀತೆ? ಮೆಷಿನ್ನಿನ ಹಳೆಯ ದಾಖಲೆ ತೆಗೆದೆ. ಮೂರನ್ನೂ ಅಳೆದಿದ್ದ. ಹನ್ನೆರಡು ಗಂಟೆಗೆಂದು ಇಟ್ಟ ಮದ್ದು ಮೂರೇ ಗಂಟೆಯಲ್ಲಿ ಆಕೆಯ ರಕ್ತಕ್ಕೆ ಸುರಿದುಬಿಟ್ಟಿತ್ತು. ಇನ್ನೊಂದಿಷ್ಟು ಏರಿದ್ದರೆ ಉಸಿರೇ ನಿಲ್ಲುತ್ತಿತ್ತು.

ಮೆಟ್ಟಿಲ ಬಳಿ ಅವನನ್ನು ತಡೆದು ಕೇಳಿದೆ. ಅವನು ಅಲ್ಲಗಳೆಯಲಿಲ್ಲ. ಮಾತ್ರೆ ಪಾಸಾದರೆ ನಾನು ತಂಡದ ಮುಖ್ಯಸ್ಥೆ, ಆಮೇಲೆ ಮದುವೆ, ಬಾಲ್ಕನಿ ಇರುವ ಮನೆ. ಎಲ್ಲ ಯೋಚಿಸಿಟ್ಟಿದ್ದ.

"ನಿನಗೋಸ್ಕರಾನೇ ಮಾಡಿದ್ದು ಕಣೇ. ಇಪ್ಪತ್ತನಾಲ್ಕು ಜನದಲ್ಲಿ ಒಬ್ಬಳು ತಾನೆ?"

"ಆ ಒಬ್ಬಳನ್ನ ನನ್ನ ಸಹಿ ಕೆಳಗೆ ಮುಚ್ಚಿಡೋಕೆ ಹೊರಟಿದ್ದೆಯಲ್ಲೋ."

ಅವನು ಕೈ ಹಿಡಿಯಲು ಬಂದ. ಹಾಳಾದ್ದು, ಆಗಲೂ ಆ ಕೈ ನನಗೆ ಇಷ್ಟವೇ ಇತ್ತು. ಹಿಂದಕ್ಕೆ ಸರಿದೆ. ಅವನ ಕಣ್ಣು ತುಂಬಿತು. ನನಗೆ ಅಳುವಷ್ಟೂ ಪುರುಸೊತ್ತಿರಲಿಲ್ಲ.

ಮೂರು ಚುಕ್ಕೆಗಳನ್ನು ವಾಪಸ್ ಇಟ್ಟೆ. ಗೆರೆ ಕೆಟ್ಟು ಕೂತಿತು, ಮಾತ್ರೆಯ ಪರೀಕ್ಷೆ ಅಲ್ಲಿಗೇ ನಿಂತಿತು. ವರದಿಯ ಕೊನೆಯ ಪುಟದಲ್ಲಿ ಹೆಸರು ಹಾಕಿಯೇ ಬರೆದೆ: ಅಂಕಿ ಅಡಗಿಸಿದವನು ಅವನು, ಹುಡುಕಿದವಳು ನಾನು. ನಮ್ಮಿಬ್ಬರ ಹೆಸರು ಒಂದೇ ಕಾಗದದಲ್ಲಿ ಜೊತೆಯಾಗಿ ಅಚ್ಚಾದದ್ದು ಅದೊಂದೇ ಸಲ.