ಸಾಯುವ ದಿನ ಗೊತ್ತಿಲ್ಲದವನು

ಬಲು ಹಿಂದೆ ಏಳು ಬೆಟ್ಟಗಳಾಚೆ ಎಣಿಗೇರಿ ಎಂಬ ರಾಜ್ಯವಿತ್ತು. ಅಲ್ಲಿ ಮಗು ಹುಟ್ಟಿದರೆ, ಅದು ಸಾಯುವ ದಿನವನ್ನು ಕಾಲಕೇತನೆಂಬ ಮಾಂತ್ರಿಕ ಮಗುವಿನ ಸೋದರತ್ತೆಗೆ ಮಾತ್ರ ಹೇಳಿ ಕಳಿಸುತ್ತಿದ್ದ. ತೊಟ್ಟಿಲ ಬಳಿ ಅವಳು ಮಗುವಿನ ಕಿವಿಯಲ್ಲಿ ಮೊದಲು ಹೆಸರು, ಆಮೇಲೆ ಆ ದಿನ ಉಸುರಬೇಕು. ಅರಮನೆಯ ಮಕ್ಕಳಿಗೆ ತೊಂಬತ್ತು ವರ್ಷ, ಕಲ್ಲು ಹೊರುವವರ ಮಕ್ಕಳಿಗೆ ಇಪ್ಪತ್ತೋ ನಲವತ್ತೋ. ಯಾಕೆ ಹೀಗೆ ಅಂತ ಒಬ್ಬನೂ ಕೇಳಲಿಲ್ಲ. ಹಣೆಬರಹ ಅಂದರು, ತಲೆ ಬಗ್ಗಿಸಿದರು.

ಕಲ್ಲು ಹೊರುವ ಕೇರಿಯ ಈರಬೊಮ್ಮನಿಗೆ ಮಾತ್ರ ದಿನವಿರಲಿಲ್ಲ. ಹೆಸರು ಹೇಳುತ್ತಿದ್ದಂತೆ ಸೋದರತ್ತೆ ದ್ಯಾವಕ್ಕನ ಬೆನ್ನಿಗೆ ನೆಂಟರೆಲ್ಲ ವಾಡಿಕೆಯಂತೆ ಗುದ್ದಿದ್ದರು. ಖುಷಿ ಹೆಚ್ಚಿತ್ತು, ಗುದ್ದೂ ಹೆಚ್ಚಾಯಿತು. ಉಸಿರು ಕಟ್ಟಿ ಅವಳಿಗೆ ದಿನವೇ ಮರೆತುಹೋಯಿತು. ಮಾಂತ್ರಿಕ ಎರಡನೆಯ ಸಲ ಹೇಳುವವನಲ್ಲ.

ದಿನವಿಲ್ಲದವನಿಗೆ ಕೆಲಸ ಕೊಡುವುದೋ ಬಿಡುವುದೋ, ಹೆಣ್ಣು ಕೊಡುವುದೋ ಬಿಡುವುದೋ, ಊರಿಗೆ ತಿಳಿಯಲಿಲ್ಲ. ಅವನಿಗೂ ತಿಳಿಯಲಿಲ್ಲ. ದ್ಯಾವಕ್ಕನ ಮಗಳು ಸಣ್ಣಿಂಗಿ ಮಾತ್ರ, "ಭಾವ, ನೀನು ನಾಳೆ ಸಾಯ್ತೀಯೋ, ನೂರು ವರ್ಷ ಕಾಡ್ತೀಯೋ, ಕಟ್ಟಿಕೊಂಡರೆ ನಿನ್ನನ್ನೇ" ಅನ್ನುತ್ತಿದ್ದಳು.

ಅವಳ ಪಾಲಿಗೆ ಬಂದದ್ದು ಇಪ್ಪತ್ತು ವರ್ಷ. ಅದು ತುಂಬಲು ನಾಲ್ಕು ದಿನ ಉಳಿಯಿತು. ಪದ್ಧತಿಯಂತೆ ಅವಳನ್ನು ಚಾಪೆಯ ಮೇಲೆ ಮಲಗಿಸಿ, ಅನ್ನ ನೀರು ನಿಲ್ಲಿಸಿ, ಸುತ್ತ ಕೂತು ಹಾಡತೊಡಗಿದರು.

"ಮಾಂತ್ರಿಕನ ಹತ್ತಿರ ಹೋಗ್ತೀನಿ ಅತ್ತೆ. ನನ್ನ ದಿನಗಳನ್ನು ಇವಳಿಗೆ ಕೊಡು ಅಂತೀನಿ."

"ನಿನ್ನ ಹತ್ತಿರ ಎಷ್ಟಿದಾವೋ?"

"ಅದೂ ಗೊತ್ತಿಲ್ಲ" ಅಂದು ಈರಬೊಮ್ಮ ಹೊರಟೇಬಿಟ್ಟ.

ಮೊದಲ ಬೆಟ್ಟದಲ್ಲಿ ಬೆಂಕಿಗಣ್ಣಿನ ಹುಲಿ ಅಡ್ಡ ಬಂತು. "ನಿನ್ನ ದಿನ ಯಾವುದು?"

"ಗೊತ್ತಿಲ್ಲ."

"ದಿನ ಬಂದವರನ್ನು ಮಾತ್ರ ತಿನ್ನಬೇಕು ಅಂತ ಅಪ್ಪಣೆ. ನಿನ್ನನ್ನು ಏನು ಮಾಡಲಿ?" ಹುಲಿ ತಲೆ ಕೆರೆದುಕೊಂಡು ದಾರಿ ಬಿಟ್ಟಿತು.

ಎರಡನೆಯ ಬೆಟ್ಟದಲ್ಲಿ ಎರಡು ತಲೆಯ ಹೆಬ್ಬಾವು. "ನಿನ್ನ ದಿನ ಯಾವುದು?"

"ಗೊತ್ತಿಲ್ಲ."

ನುಂಗು ಅಂತ ಒಂದು ತಲೆ, ಬೇಡ ಅಂತ ಇನ್ನೊಂದು. ಅವು ಕಚ್ಚಾಡುತ್ತಿರುವಾಗ ಅವನು ದಾಟಿಹೋದ.

ಮೂರನೆಯ ಬೆಟ್ಟದಲ್ಲಿ ಮುದಿ ರಣಹದ್ದು. ಅದು ದಿನ ಕೇಳಲಿಲ್ಲ. "ಯಾರಿಗಾಗಿ ಬಂದೆ?" ಅಂತು. ಅವನು ಸಣ್ಣಿಂಗಿಯ ಕತೆ ಹೇಳಿದ.

"ಮುನ್ನೂರು ವರ್ಷದಿಂದ ನಿಮ್ಮ ಕೇರಿಯ ಹೆಣ ತಿಂತಿದ್ದೀನಿ. ಒಂದರ ಹೊಟ್ಟೆಯಲ್ಲೂ ಒಂದು ಅಗುಳು ಅನ್ನ ಸಿಗಲಿಲ್ಲ. ನಿಮ್ಮವರು ಏನಾಗಿ ಸಾಯ್ತಾರೆ, ನೀನೇ ಹೇಳು."

ಈರಬೊಮ್ಮ ಯೋಚಿಸಿದ: ಹಾಗಾದರೆ ಅವಳನ್ನು ಕೊಲ್ಲುತ್ತಿರುವುದು ದಿನವೋ, ಹಾಡುತ್ತ ಕೂತ ನಾವೋ?

ಆ ಬೆಟ್ಟದಾಚೆಯ ಗುಹೆಯಲ್ಲಿ ಮಾಂತ್ರಿಕ ಊಟಕ್ಕೆ ಕೂತಿದ್ದ. ಇವನನ್ನು ಕಂಡು ಗಹಗಹಿಸಿದ. "ದಿನ ಬೇಕೇನೋ? ತಗೋ. ನಿನ್ನ ದಿನ ಇವತ್ತೇ!"

ಈರಬೊಮ್ಮನಿಗೆ ಅದು ನಿಜವೋ ಸುಳ್ಳೋ ತಿಳಿಯಲಿಲ್ಲ. ಹೊಟ್ಟೆ ಮಾತ್ರ ಹಸಿದಿತ್ತು. ಮಾಂತ್ರಿಕನ ತಟ್ಟೆಯನ್ನೇ ಎಳೆದುಕೊಂಡು ಉಣ್ಣತೊಡಗಿದ.

"ಲೋ! ದಿನ ಬಂದವನು ಉಣ್ಣಬಾರದು!"

"ಉಂಡರೆ ಏನಾಗ್ತದೆ? ಸಾಯೋದಿಲ್ವೇನು?"

ಈರಬೊಮ್ಮ ಒಂದೊಂದು ತುತ್ತು ನುಂಗಿದಂತೆ ಮಾಂತ್ರಿಕ ಒಂದೊಂದು ಗೇಣು ಕುಗ್ಗಿದ. ಕೊನೆಯ ತುತ್ತಿಗೆ ಹಿಡಿ ಬೂದಿಯಾದ. ಜನರ ಹೆದರಿಕೆಯೊಂದೇ ಅವನ ಮೈಯಾಗಿತ್ತು.

ಈರಬೊಮ್ಮ ಓಡಿಬಂದಾಗ ಸಣ್ಣಿಂಗಿಯ ತುಟಿ ಒಡೆದಿತ್ತು. ಅವನು ಗಂಜಿ ತಂದ. ನೆಂಟರು ಅಡ್ಡ ನಿಂತರು. "ದಿನ ಬಂದವಳಿಗೆ ಗಂಜಿಯೇನೋ, ಪಾಪಿ! ಇವಳು ಬದುಕ್ತಾಳೆ ಅಂತ ನಿನಗೆ ಯಾರು ಹೇಳಿದರು?"

"ಬದುಕ್ತಾಳೋ ಇಲ್ಲವೋ ನನಗೂ ಗೊತ್ತಿಲ್ಲ. ಹಸಿದಿದ್ದಾಳೆ. ಅದು ಗೊತ್ತು. ಸರೀರಿ!"

ದ್ಯಾವಕ್ಕ ಎದ್ದು ಮಗಳ ತಲೆ ಎತ್ತಿ ಹಿಡಿದಳು. ಸಣ್ಣಿಂಗಿ ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು. ಅವಳ ದಿನ ಬಂತು, ಹೋಯಿತು. ಮರುದಿನ ಅವಳೇ ಎದ್ದು, "ಗಂಜಿಗೆ ಉಪ್ಪು ಹಾಕಿರಲಿಲ್ಲ ಭಾವ" ಅಂದಳು.

ಕೇರಿ ಕೇರಿಯಲ್ಲೂ ಜನ ಚಾಪೆ ಬಿಟ್ಟು ಎದ್ದರು. ಏನು ಮಾಡಬೇಕೆಂದು ತಿಳಿಯದೆ ಕಣ್ಣು ಕಣ್ಣು ಬಿಟ್ಟರು. ಆಮೇಲೆ ಒಲೆ ಹಚ್ಚಿದರು. ತೊಂಬತ್ತು ವರ್ಷವಿದೆಯೆಂದು ಎಲ್ಲವನ್ನೂ ನಾಳೆಗೆ ತಳ್ಳಿದ್ದ ಅರಮನೆಯವರೂ ಗಾಬರಿಬಿದ್ದು ಬದುಕತೊಡಗಿದರು.

ಈರಬೊಮ್ಮ, ಸಣ್ಣಿಂಗಿ ಮದುವೆಯಾಗಿ ಸುಖವಾಗಿದ್ದರು. ಮುಂದೆ ಅವರೂ ಸತ್ತರು. ಯಾವ ದಿನವೆಂದು ಯಾರೂ ಮೊದಲೇ ಹೇಳಿರಲಿಲ್ಲ. ಆ ದಿನ ಬೆಳಿಗ್ಗೆಯೂ ಇಬ್ಬರೂ ಚೆನ್ನಾಗಿ ಜಗಳಾಡಿ, ಹೊಟ್ಟೆ ತುಂಬ ಉಂಡಿದ್ದರು.