ಭಾನುವಾರ ಇಳಿಯುತ್ತಿದ್ದ ಬ್ಯಾಟರಿ

ಕೆಂಪು ಸಿಗ್ನಲ್ಲಿಗೆ ನಿಂತಿದ್ದ ಕಾರು ತಾನಾಗಿಯೇ ಮುಂದಕ್ಕೆ ಹೊರಟಿತು.

ಲತಾಮಣಿ ಗಾಬರಿಯಿಂದ ಕೆಳಗೆ ನೋಡಿದಳು. ಗೇರು ನ್ಯೂಟ್ರಲ್ಲಿನಲ್ಲಿದೆ, ಆಕ್ಸಿಲರೇಟರ್ ಮೇಲೆ ಕಾಲಿಲ್ಲ... ಆದರೂ ಕಾರು ಜಯನಗರದ ಆ ದೊಡ್ಡ ಸರ್ಕಲ್ಲಿನೊಳಗೆ ಸರಿಯುತ್ತಿದೆ! ಬಲಗಡೆಯಿಂದ ಬರುತ್ತಿದ್ದ ಬಸ್ಸು ಕಿರ್ರೆಂದು ನಿಂತಿತು. ಅವಳು ಎರಡೂ ಕಾಲಿನಿಂದ ಬ್ರೇಕ್ ಒತ್ತಿ ಕನ್ನಡಿ ನೋಡಿದಳು.

ಹಿಂದೆ ಒಬ್ಬ ಮನುಷ್ಯ ಡಿಕ್ಕಿಗೆ ಎರಡೂ ಕೈ ಕೊಟ್ಟು, ತಲೆ ತಗ್ಗಿಸಿ, ಇದ್ದಬದ್ದ ಬಲ ಹಾಕಿ ಕಾರು ತಳ್ಳುತ್ತಿದ್ದ.

"ಏನ್ರೀ ಮಾಡ್ತಿದ್ದೀರಾ? ತಲೆ ಕೆಟ್ಟಿದ್ಯಾ ನಿಮ್ಗೆ?" ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಳು.

"ಬ್ರೇಕ್ ಬಿಡ್ರಿ ಮೇಡಂ, ಸೈಡಿಗೆ ಹಚ್ಚೂಣು."

"ಯಾಕೆ ಸೈಡಿಗೆ ಹಾಕ್ಬೇಕು? ನನ್ ಗಾಡಿಗೆ ಏನಾಗಿದೆ?"

"ಕೆಟ್ಟೈತಲ್ರಿ? ನಾಕೂ ಇಂಡಿಕೇಟರ್ ಹಾಕೀರಿ."

"ಸೀದಾ ಹೋಗ್ಬೇಕು ಅಂತ ಹಾಕಿದೀನಿ."

ಅವನು ತಳ್ಳುವುದನ್ನು ನಿಲ್ಲಿಸಿ ಅವಳ ಮುಖವನ್ನೇ ನೋಡಿದ.

"ಹಂಗಂತ ಯಾರು ಹೇಳ್ಯಾರ್ರಿ?"

"ಡ್ರೈವಿಂಗ್ ಸ್ಕೂಲ್ನವ್ರು. ಎಡಕ್ಕೆ ಎಡಗಡೇದು, ಬಲಕ್ಕೆ ಬಲಗಡೇದು, ಸೀದಾ ಹೋಗೋದಿದ್ರೆ ನಾಲ್ಕೂ."

ಎರಡು ಸಾವಿರದ ಮೂರನೇ ಇಸವಿಯಲ್ಲಿ ಅರ್ಧ ಬೆಂಗಳೂರೇ ಹಾಗೆ ನಂಬಿಕೊಂಡಿತ್ತು. ಪಾಪ, ಲತಾಮಣಿಯೊಬ್ಬಳನ್ನೇ ಬೈದು ಪ್ರಯೋಜನವಿಲ್ಲ.

"ನಾಕೂ ಹಾಕಿದ್ರ ಗಾಡಿ ಕೆಟ್ಟು ನಿಂತೈತಿ ಅಂತ ಅರ್ಥರಿ," ಅವನು ನಗು ತಡೆದುಕೊಂಡು ಹೇಳಿದ. "ಸೀದಾ ಹೋಗಾಕ ಏನೂ ಹಾಕೂದು ಬ್ಯಾಡ. ಸೀದಾ ಹೋದ್ರ ಆತು. ಮತ್ತ ನಿಮ್ಮ ಬ್ರೇಕ್ ಲೈಟ್ ಒಂದೂ ಹತ್ತಾಕತ್ತಿಲ್ಲ. ತಿಲಕ್ ನಗರದಾಗ ಸಂಜೀವಯ್ಯನವರ ಆಟೋ ಎಲೆಕ್ಟ್ರಿಕ್ ಅಂಗಡಿ ಐತಿ, ಬರ್ರಿ. ನನ್ನ ಹೆಸರು ಮೌನೇಶ."

ಹಿಂದಿನವರು ಹಾರ್ನ್ ಬಾರಿಸತೊಡಗಿದರು. ಲತಾಮಣಿಗೆ ಅವಮಾನದಿಂದ ಕಿವಿ ಬಿಸಿಯಾಗಿತ್ತು. 'ಸತ್ತರೂ ಆ ಅಂಗಡಿಗೆ ಹೋಗಲ್ಲ' ಎಂದುಕೊಂಡಳು.

ನಾಲ್ಕೇ ದಿನಕ್ಕೆ ಹೋದಳು.

ಇಪ್ಪತ್ತಾರು ವರ್ಷದ ಲತಾಮಣಿ ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನಿಷಿಯನ್. ಚಿಕ್ಕಲಸಂದ್ರದ ಹಳೇ ಮನೆಯಲ್ಲಿ ಅವಳು, ಅವಳ ತಾಯಿ ಅಂಕಮ್ಮ, ಇಬ್ಬರೇ. ಅಂಕಮ್ಮನಿಗೆ ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಅಮ್ಮನನ್ನು ಕರೆದುಕೊಂಡು ಓಡಾಡಲೆಂದೇ ಅವಳು ಆ ಸೆಕೆಂಡ್ ಹ್ಯಾಂಡ್ ಬಿಳಿ ಕಾರನ್ನು ತೆಗೆದುಕೊಂಡಿದ್ದಳು.

ಮೌನೇಶ ಯಾದಗಿರಿ ಕಡೆಯವನು. ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆ ರೂಮು, ಸಂಜೀವಯ್ಯನವರ ಅಂಗಡಿಯಲ್ಲಿ ಏಳು ವರ್ಷದ ಕೆಲಸ. ಬ್ರೇಕ್ ಲೈಟಿನ ಬಲ್ಬು ಹಾಕಿ ಕೈ ಒರೆಸಿಕೊಂಡವನು ಅವಳನ್ನು ಹಾಗೇ ಕಳಿಸಲಿಲ್ಲ. ಪಕ್ಕದ ಸೀಟಿನಲ್ಲಿ ಬಂದು ಕುಳಿತ.

"ಕೀ ತಿರುವ್ರಿ. ಸ್ಟಾರ್ಟ್ ಮಾಡಬ್ಯಾಡ್ರಿ. ಎಷ್ಟು ಕೆಂಪು ದೀಪ ಬಂದುವು?"

"ಮೂರು."

"ಏನೇನು?"

"ಗೊತ್ತಿಲ್ಲ. ಅವು ಬರ್ತಾ ಇರ್ತವೆ, ತಲೆ ಕೆಡಿಸ್ಕೋಬೇಡಿ ಅಂದಿದ್ರು."

ಮೌನೇಶ ನಿಟ್ಟುಸಿರು ಬಿಟ್ಟ. "ಇದು ಆಯಿಲ್. ಇದು ಬ್ಯಾಟರಿ. ಇದು ಹ್ಯಾಂಡ್ ಬ್ರೇಕ್. ಈಗ ಸ್ಟಾರ್ಟ್ ಮಾಡ್ರಿ... ಎರಡು ಆರಿದುವಲ್ರಿ? ಆರಬೇಕು. ಆರಲಿಲ್ಲಂದ್ರ ಗಾಡಿ ಅಲ್ಲೇ ನಿಲ್ಲಸ್ರಿ."

"ಇನ್ನೊಂದು ಹಾಗೇ ಇದೆ."

"ಹ್ಯಾಂಡ್ ಬ್ರೇಕ್ ಇಳಸ್ರಿ."

ಇಳಿಸಿದಳು. ದೀಪ ಆರಿತು. ಅಷ್ಟಕ್ಕೇ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ದಾರಿಯಲ್ಲಿ ಒಬ್ಬಳೇ ನಕ್ಕಳು. ಒಂದು ವಿಷಯವನ್ನು ಇಷ್ಟು ತಾಳ್ಮೆಯಿಂದ, ಅವಳನ್ನು ದಡ್ಡಿ ಎನ್ನದೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲಿನ ಭಾನುವಾರಗಳು ಹಾಗೆಯೇ ಹೋದವು. ಒಂದು ವಾರ ಹಾರ್ನು, ಒಂದು ವಾರ ವೈಪರು. ಡಿಮ್ ಯಾವಾಗ, ಬ್ರೈಟ್ ಯಾವಾಗ, ಫ್ಯೂಸ್ ಡಬ್ಬಿ ಎಲ್ಲಿರುತ್ತದೆ... ಅವನು ಹೇಳುತ್ತಿದ್ದ, ಅವಳು ಕೇಳುತ್ತಿದ್ದಳು. ಕಾರಿನ ಕಡೆಗಿಂತ ಹೇಳುವವನ ಕಡೆಗೇ ಕಣ್ಣು ಹೆಚ್ಚು ಹೋಗುತ್ತಿತ್ತು ಎನ್ನುವುದು ಬೇರೆ ಮಾತು.

"ಇದು ಒಳಗಿನ ದೀಪ," ಒಂದು ದಿನ ಕಾರಿನ ಚಾವಣಿ ತೋರಿಸಿದ. "ಸ್ವಿಚ್ ನಡುವ ಇದ್ರ ಬಾಗಲಾ ತೆಗದಾಗ ಅಷ್ಟ ಹತ್ತತೈತಿ. ಈ ಕಡಿ ನೂಕಿದ್ರ ಹತ್ತೇ ಇರತೈತಿ. ರಾತ್ರಿಯೆಲ್ಲಾ ಹಂಗ ಬಿಟ್ರ ಬ್ಯಾಟರಿ ಇಳದು ಹೋಗತೈತಿ. ನೆನಪಿರ್ಲಿ."

ಪುಣ್ಯಾತ್ಗಿತ್ತಿಗೆ ಅದೊಂದು ಚೆನ್ನಾಗಿ ನೆನಪುಳಿಯಿತು.

ಜುಲೈ ಮುಗಿಯುವಷ್ಟರಲ್ಲಿ ಕಾರಿನಲ್ಲಿ ರಿಪೇರಿ ಮಾಡಲು ಏನೂ ಉಳಿಯಲಿಲ್ಲ. "ಇನ್ನ ನಿಮ್ಮ ಗಾಡ್ಯಾಗ ನನಗ ಕೆಲಸ ಇಲ್ಲ ಬಿಡ್ರಿ," ಎಂದು ಮೌನೇಶ ಹೆಮ್ಮೆಯಿಂದ ಬಾನೆಟ್ ಮುಚ್ಚಿದ. ಲತಾಮಣಿ ಮುಚ್ಚಿದ ಬಾನೆಟ್ಟನ್ನೇ ನೋಡಿದಳು.

'ಕೆಲಸ ಇಲ್ಲ ಅಂದರೆ ಇನ್ನು ಇವರು ಸಿಗುವುದೇ ಇಲ್ಲವೇ?'

ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲು ಧೈರ್ಯವಿರಲಿಲ್ಲ. ಮುಂದಿನ ಶನಿವಾರ ಸಂಜೆ ಕಾರಿಗೆ ಕವರ್ ಹೊದಿಸುವ ಮುಂಚೆ, ಅವಳ ಕೈ ತಾನಾಗಿಯೇ ಚಾವಣಿಯ ಸ್ವಿಚ್ಚನ್ನು ಆ ಕಡೆಗೆ ನೂಕಿತು.

ಭಾನುವಾರ ಬೆಳಿಗ್ಗೆ ಕೀ ತಿರುವಿದರೆ ಬರೀ ಟಿಕ್ ಟಿಕ್. ಸ್ವಿಚ್ಚನ್ನು ನಡುವಿಗೆ ತಂದು ಅಂಗಡಿಗೆ ಫೋನ್ ಮಾಡಿದಳು. ಅರ್ಧ ಗಂಟೆಗೆಲ್ಲ ಮೌನೇಶ ಮೊಪೆಡ್ಡಿನಲ್ಲಿ ಕಾಲ ಮುಂದೆ ಬೇರೊಂದು ಬ್ಯಾಟರಿ ಇಟ್ಟುಕೊಂಡು ಬಂದ. ಅಂಕಮ್ಮ ಉಪ್ಪಿಟ್ಟು, ಕಾಫಿ ಕೊಟ್ಟಳು. ಅವನು ಎರಡು ಗಂಟೆ ಇದ್ದ. ಲತಾಮಣಿಗೆ ಆ ವಾರವಿಡೀ ನೆಲದ ಮೇಲೆ ಕಾಲಿರಲಿಲ್ಲ.

ಮರುವಾರ ಮತ್ತೆ ಹಾಗೇ ಆಯಿತು. ಮೂರನೇ ವಾರವೂ.

ಮೌನೇಶ ಡೈನಮೋ ಬಿಚ್ಚಿ ನೋಡಿದ. ಚಾರ್ಜನ್ನು ಹತೋಟಿಯಲ್ಲಿಡುವ ಕಟೌಟ್ ಬದಲಾಯಿಸಿದ. ಟೆಸ್ಟ್ ಬಲ್ಬ್ ಹಿಡಿದು ಒಂದೊಂದೇ ಫ್ಯೂಸ್ ಕಿತ್ತು, ಎಲ್ಲಿ ಕರೆಂಟ್ ಸೋರುತ್ತಿದೆ ಎಂದು ಹುಡುಕಿದ. ಎಲ್ಲಿಯೂ ಇಲ್ಲ. ಕೊನೆಗೆ ಅವಳ ಬ್ಯಾಟರಿಯನ್ನು ಚಾರ್ಜಿಗೆಂದು ಒಯ್ದು, ಅಂಗಡಿಯ ಹೊಸ ಬ್ಯಾಟರಿಯನ್ನು ಕೂರಿಸಿ ಹೋದ.

ಹೊಸ ಬ್ಯಾಟರಿ ಒಂದು ರಾತ್ರಿಗೆ ಬಗ್ಗುವಂಥದ್ದಲ್ಲ. ಅದಕ್ಕೇ ನಮ್ಮ ಲತಾಮಣಿ ಶುಕ್ರವಾರ ಸಂಜೆಯೇ ಸ್ವಿಚ್ ನೂಕಿ, ಶನಿವಾರ ಬಸ್ಸಿನಲ್ಲಿ ಕೆಲಸಕ್ಕೆ ಹೋದಳು!

ಆ ನಾಲ್ಕನೇ ಭಾನುವಾರ ಮೌನೇಶ ಕಾಫಿ ಕುಡಿಯಲಿಲ್ಲ. ಸತ್ತುಬಿದ್ದ ಹೊಸ ಬ್ಯಾಟರಿಯನ್ನು ಬಹಳ ಹೊತ್ತು ನೋಡಿದ. ತಂದಿದ್ದ ಬ್ಯಾಟರಿಯಿಂದ ಜಂಪರ್ ವೈರ್ ಕೊಟ್ಟು ಕಾರು ಸ್ಟಾರ್ಟ್ ಮಾಡಿ, ಅವಳ ಮುಖ ನೋಡದೆ ಹೇಳಿದ:

"ಮೇಡಂ, ಗಾಡಿ ಬ್ಯಾರೆ ಕಡೆ ತೋರಸ್ರಿ. ನನ್ನ ಕಡಿಂದ ಆಗೂದಿಲ್ಲ."

"ಯಾಕೆ? ಏನಾಯ್ತು?"

"ಆಗೂದಿಲ್ರಿ. ತಡಾ ಮಾಡಬ್ಯಾಡ್ರಿ, ಲಗೂನ ತೋರಸ್ರಿ."

ಹೊರಟೇಹೋದ. ಲತಾಮಣಿ ಗೇಟು ಹಿಡಿದು ನಿಂತೇ ಇದ್ದಳು. 'ಗೊತ್ತಾಗಿ ಹೋಯಿತೇ? ಇಲ್ಲ, ಗೊತ್ತಾಗಿದ್ದರೆ ಬೈಯುತ್ತಿದ್ದರು. ಹಾಗಾದರೆ... ನಾನೇ ಸಾಕಾದೆ.' ಆ ದಿನ ಅವಳು ಊಟ ಮಾಡಲಿಲ್ಲ. ಸ್ವಿಚ್ಚಿನ ತಂಟೆಗೆ ಮತ್ತೆ ಹೋಗಲಿಲ್ಲ. ಮೂರು ವಾರ ಕಾರು ಒಂದು ದಿನವೂ ತಕರಾರು ಮಾಡದೆ ಓಡಿತು. ಫೋನ್ ಮಾತ್ರ ಬರಲಿಲ್ಲ.

"ಆ ಹುಡ್ಗ ಯಾಕೆ ಬತ್ತಾನೇ ಇಲ್ಲ?" ಅಂಕಮ್ಮ ಕೇಳಿದಳು.

"ಅವ್ರಿಗೆ ಬೇರೆ ಕೆಲಸ ಇರತ್ತಮ್ಮ."

"ಅವ್ರ ಬ್ಯಾಟರಿ ನಿನ್ ಕಾರಲ್ಲೇ ಅದೆಯಲ್ಲ. ಹೋಗಿ ಕೊಟ್ಟಾದ್ರೂ ಬಾ."

ಶನಿವಾರ ಮಧ್ಯಾಹ್ನ ಲತಾಮಣಿ ಅಂಗಡಿಗೆ ಹೋದಾಗ ಸಂಜೀವಯ್ಯನವರು ಸ್ಟೂಲಿನ ಮೇಲೆ ಕುಳಿತು ಮೋಟರಿಗೆ ವೈರ್ ಸುತ್ತುತ್ತಿದ್ದರು. ಆಟೋ ಡ್ರೈವರ್ ಪಾಪಯ್ಯ ಹೆಡ್‌ಲೈಟ್ ಹಾಕಿಸಿಕೊಳ್ಳಲು ಕಾಯುತ್ತಿದ್ದ. ಮೌನೇಶ ಕಾಣಲಿಲ್ಲ.

"ಈಗ ಬರ್ತಾನೆ ಮೇಡಂ," ಎಂದರು ಸಂಜೀವಯ್ಯನವರು. "ಸೋಮವಾರದಿಂದ ಇರಲ್ಲ ಅವ್ನು. ಅರೆಕೆರೆ ಕಡೆ ಕಾಲ್ ಸೆಂಟರ್ ಗಾಡಿ ಓಡ್ಸ್ತಾನಂತೆ."

"ಈ ಕೆಲಸ ಬಿಟ್ರಾ? ಯಾಕೆ?"

"ಎಲ್ಲಾ ನಿಮ್ ಗಾಡಿಯಿಂದ," ಸಂಜೀವಯ್ಯನವರು ಬೇಸರದಲ್ಲಿ ನಕ್ಕರು. "ನಂಗೆ ವಯಸ್ಸಾಯ್ತು, ದೀಪಾವಳಿಗೆ ಅಂಗಡಿ ಅವನ್ ಕೈಗೇ ಕೊಡೋಣ ಅಂತಿದ್ದೆ. ಬೇಡ ಅಂದ್ಬಿಟ್ಟ. ಒಂದು ಕಾರಿನ ಲೀಕ್ ಹುಡುಕಕ್ಕಾಗ್ಲಿಲ್ಲ, ನನ್ ಕೈಯಿಂದ ಈ ಕಸುಬು ಹೋಯ್ತು ಅಂತಾನೆ. ನಿಮ್ ಗಾಡೀಲಿ ಒಳಗೆಲ್ಲೋ ವೈರ್ ಸುಡ್ತಿದೆ, ನನ್ನಿಂದಾಗಿ ಆ ತಾಯಿ ಮಗಳಿಗೆ ಏನಾದ್ರೂ ಆದ್ರೆ ಅಂತ ಹೆದ್ರುಕೊಂಡೇ ನಿಮ್ಮನ್ನ ಬೇರೆ ಕಡೆ ಕಳಿಸಿದ್ದು."

ಲತಾಮಣಿಗೆ ಈಗ ಅರ್ಥವಾಯಿತು.

ಸಾಕಾಗಿ ದೂರ ಹೋಗಿದ್ದಲ್ಲ. ತನಗೆ ಕೇಡಾದೀತೆಂದು ಹೆದರಿ ಹೋಗಿದ್ದು! ಇಲ್ಲದ ಒಂದು ಫಾಲ್ಟಿಗಾಗಿ ಏಳು ವರ್ಷದ ಕೆಲಸ ಬಿಡುತ್ತಿದ್ದಾನೆ. ನಿಜ ಹೇಳಿದರೆ ಅವನು ತನ್ನ ಮುಖವನ್ನೂ ನೋಡಲಾರ. ಹೇಳದಿದ್ದರೆ... ಹೇಳದೆ ಇರುವುದು ಹೇಗೆ?

ಅಷ್ಟರಲ್ಲಿ ಮೌನೇಶ ಬಂದ. ಕೆನ್ನೆ ಒಳಗೆ ಹೋಗಿತ್ತು. ಅವಳನ್ನು ಕಂಡು ಬಾಗಿಲಲ್ಲೇ ನಿಂತ.

"ನನ್ ಕಾರಲ್ಲಿ ಲೀಕ್ ಇಲ್ಲ," ಅವಳು ಒಂದೇ ಉಸಿರಿಗೆ ಹೇಳಿದಳು.

ಅವನ ಮುಖ ಅರಳಿತು. "ಸಿಕ್ತೇನ್ರಿ? ಯಾರು ಹುಡುಕಿದ್ರು? ಎಲ್ಲಿತ್ತು?"

ಆ ಆಸೆಯ ಮುಖ ನೋಡಿ ಅವಳಿಗೆ ಅಳುವೇ ಬಂದಿತು.

"ಎಲ್ಲೂ ಇರ್ಲಿಲ್ಲ. ನಾನೇ ಸಾಯಂಕಾಲ ಒಳಗಿನ ಲೈಟ್ ಆನ್ ಮಾಡಿ ಬಿಡ್ತಿದ್ದೆ. ಬೆಳಿಗ್ಗೆ ನೀವು ಬರೋದ್ರೊಳಗೆ ತೆಗೀತಿದ್ದೆ. ನಾಲ್ಕು ಸಲಾನೂ."

ಸಂಜೀವಯ್ಯನವರ ಕೈ ನಿಂತಿತು.

"ಯಾಕ್ರಿ?" ಮೌನೇಶ ಮೆಲ್ಲಗೆ ಕೇಳಿದ.

ಪಾಪಯ್ಯ ಇದ್ದಾನೆ, ಯಜಮಾನರಿದ್ದಾರೆ, ರಸ್ತೆಯಲ್ಲಿ ಜನರಿದ್ದಾರೆ. ಇರಲಿ ಎಂದುಕೊಂಡಳು.

"ನೀವು ಬರ್ಲಿ ಅಂತ. ನಿಮ್ಮನ್ನ ನೋಡ್ಬೇಕಿತ್ತು. ನಂಗೆ ನೀವು ಇಷ್ಟ, ಅದನ್ನ ಹೇಳಕ್ಕೆ ಬರ್ಲಿಲ್ಲ."

ಪಾಪಯ್ಯ ಕೆಮ್ಮಿ, ತನ್ನ ಆಟೋದ ಚಕ್ರ ನೋಡಲು ಹೋದ. ಮೌನೇಶ ಗೋಡೆಗೆ ಒರಗಿ ನಿಂತ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ನಿಮ್ಮ ಗಾಡಿ ಸುಟ್ಟಂಗ ಕನಸು ಬೀಳ್ತಿತ್ರಿ ನನಗ," ಎಂದ. "ನನ್ನ ಕೈ ಮ್ಯಾಲೆ ನನಗ ನಂಬಿಕಿ ಹೋಗಿತ್ತು."

"ತಪ್ಪಾಯ್ತು. ದೊಡ್ಡ ತಪ್ಪಾಯ್ತು."

"ಈಗ ಹೋಗ್ರಿ ಮೇಡಂ."

ಸಂಜೀವಯ್ಯನವರು ಅಂಗಡಿಯ ಬ್ಯಾಟರಿ ತೆಗೆದುಕೊಂಡು ಅವಳದನ್ನೇ ಕೂರಿಸಿಕೊಟ್ಟರು. ಮನೆಗೆ ಬಂದ ಲತಾಮಣಿ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಎಲ್ಲವನ್ನೂ ಹೇಳಿ ಅತ್ತಳು.

"ನೀನು ಬೆಳ್ಬೆಳಿಗ್ಗೆ ಕಾರ್ ಕವರ್ ಒಳಕ್ಕೆ ನುಗ್ತಿದ್ದಾಗ್ಲೇ ನಂಗೆ ಗೊತ್ತಾಯ್ತು," ಅಂಕಮ್ಮ ತಲೆ ಸವರಿದಳು.

"ಗೊತ್ತಿದ್ದೂ ಸುಮ್ನಿದ್ಯಾ?"

"ಹುಡ್ಗ ನಂಗೂ ಹಿಡಿಸಿದ್ದ, ಸುಮ್ನಿದ್ದೆ. ಅವ್ನು ಇಷ್ಟು ನೊಂದ್ಕೊಳ್ತಾನೆ ಅಂತ ಗೊತ್ತಿದ್ರೆ ನಾನೇ ಹೇಳ್ಬಿಡ್ತಿದ್ದೆ."

ಮರುದಿನ ಭಾನುವಾರ. ಅವನು ಬರುವುದಿಲ್ಲವೆಂದು ಲತಾಮಣಿಗೆ ಗೊತ್ತಿತ್ತು. ಆದರೂ ಗೇಟಿನ ಸದ್ದಾದಾಗ ಕೈಯಲ್ಲಿದ್ದ ಪಾತ್ರೆ ಬಿಟ್ಟು ಓಡಿದಳು.

ಮೌನೇಶ! ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅಂಕಮ್ಮ ಅವನನ್ನು ಹಜಾರದಲ್ಲಿ ಬುದ್ಧನ ಪಟದ ಕೆಳಗೆ ಕೂರಿಸಿ, ಮಂಡಿ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಎಂದಿಲ್ಲದ ಅವಸರ ಅವಳಿಗೆ.

"ಕಾಲ್ ಸೆಂಟರ್ ಕೆಲಸ ಬ್ಯಾಡ ಅಂತ ಹೇಳಿ ಬಂದೆ," ಎಂದ ಮೌನೇಶ.

ಲತಾಮಣಿ ಕಣ್ಣು ಮುಚ್ಚಿ ಉಸಿರು ಬಿಟ್ಟಳು. "ನನ್ ಮೇಲೆ ಸಿಟ್ಟು ಹೋಯ್ತಾ?"

"ಇಲ್ರಿ. ಇನ್ನೂ ಅರ್ಧ ಐತಿ."

ಅವಳು ತಲೆ ತಗ್ಗಿಸಿದಳು.

"ಇನ್ನೊಂದು ಮಾತು ಹೇಳ್ಬೇಕು," ಅವನು ನಿಧಾನವಾಗಿ ಮುಂದುವರಿಸಿದ. "ಮೂರನೇ ಸಲ ಬಂದಾಗ ಲೀಕ್ ಸಿಗಲಿಲ್ಲ. ನನಗ ಬ್ಯಾಸರ ಆಗ್ಬೇಕಿತ್ತು. ಆಗಲಿಲ್ರಿ. ಬರೂ ವಾರ ಮತ್ತ ಬರಬೌದು ಅಂತ ಖುಷಿ ಆತು. ಕಣ್ಣೆಲ್ಲಾ ನಿಮ್ಮ ಕಡೆ ಇದ್ರ ಲೀಕ್ ಹೆಂಗ ಸಿಗತೈತಿ, ಕಸಬಿಗೆ ಮೋಸ ಮಾಡಾಕತ್ತೀನಿ ಅನ್ನಿಸ್ತು. ಅದಕ್ಕ ಓಡಿ ಹೋದೆ. ನಿನ್ನೆ ನೀವು ಎಲ್ಲಾರ ಮುಂದ ಹೇಳಿದ್ರಿ. ನನಗ ಈ ನಾಕು ಗೋಡಿ ನಡುವ ಹೇಳಾಕ ಬಾಯಿ ಒಣಗಾಕತ್ತೈತಿ."

ಲತಾಮಣಿಯ ಕಣ್ಣು ತುಂಬಿ ಬಂದಿತು. ಇಷ್ಟು ದಿನ ತಾನೊಬ್ಬಳೇ ಕಳ್ಳಿ ಎಂದುಕೊಂಡಿದ್ದಳು.

"ಒಂದು ಷರತ್ತು ಐತ್ರಿ," ಎಂದ.

"ಏನು?"

"ಇನ್ ಮ್ಯಾಲೆ ಏನಾರ ಬೇಕಂದ್ರ ಬಾಯಿಬಿಟ್ಟು ಕೇಳಬೇಕು."

"ಕೇಳ್ತೀನಿ."

"ಈಗ ಏನು ಬೇಕು?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನೊಂದು ಗಂಟೆ ಇಲ್ಲೇ ಇರಿ."

"ಒಂದು ಗಂಟಿ ಸಾಕೇನು?"

"ಇಲ್ಲ," ಎಂದಳು ಲತಾಮಣಿ, ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು. "ಸಾಲಲ್ಲ."