ನರಗುಂದ-ಮೂರರ ಬೀಗ

ಹನ್ನೊಂದು ಸರ್ವರ್‌ಗಳು ಹೇಳಿದ ಮಾತು ಕೇಳಿದವು. ಒಂದು ಕೇಳಲಿಲ್ಲ.

ಮಹೇಶ್ವರಿ ಗೋಡೆ ಗಡಿಯಾರ ನೋಡಿದಳು. ಐದೂ ಇಪ್ಪತ್ತೈದು. ತನ್ನೂರು ಸೂಡಿಯ ಬಸ್ಸು ಐದೂ ನಲವತ್ತಕ್ಕೆ. ಸ್ಕ್ರೀನಿನ ಮೇಲೆ ಹನ್ನೊಂದು ಹಸಿರು ಸಾಲುಗಳ ನಡುವೆ ಒಂದು ಕೆಂಪು ಸಾಲು ಹಾಯಾಗಿ ಕೂತಿತ್ತು: 'ನರಗುಂದ-೩: ಕಮಾಂಡ್ ನಡೆದಿಲ್ಲ. ಬೀಗ: ಸಿದ್ದರಾಮೇಶ.'

"ಮತ್ತ ಇವಂದ!" ಎಂದು ಹಲ್ಲು ಕಚ್ಚಿ ಫೋನ್ ಎತ್ತಿಕೊಂಡಳು.

ಅವಳ ಕೆಲಸ ಹೇಳುವುದಕ್ಕೆ ಸುಲಭ. ಗುರುಸಂಗಪ್ಪನವರು ಗಜೇಂದ್ರಗಡದಲ್ಲಿ, ತಮ್ಮ ತಂದೆಯ ಕಾಲದ ಹತ್ತಿ ಅಂಗಡಿಯ ಮಾಳಿಗೆಯ ಮೇಲೆ, ಮಳೆ, ಗಾಳಿ, ಹೊಳೆಯ ನೀರಿನ ಮುನ್ಸೂಚನೆ ಕೊಡುವ ಕಂಪನಿ ತೆರೆದಿದ್ದರು. ಲೆಕ್ಕ ಹಾಕುವುದಕ್ಕೆ ಹನ್ನೆರಡು ಸರ್ವರ್: ರೋಣದಲ್ಲಿ ನಾಲ್ಕು, ನರಗುಂದದಲ್ಲಿ ನಾಲ್ಕು, ಇಲ್ಲಿ ನಾಲ್ಕು. ಮಹೇಶ್ವರಿ ಇಲ್ಲಿ ಕೂತು ಒಂದು ಸಾಲಿನ ಕಮಾಂಡ್ ಬರೆದು ಎಂಟರ್ ಒತ್ತಿದರೆ ಮೂರೂ ಊರಿನ ಹನ್ನೆರಡೂ ಸರ್ವರ್‌ಗಳು ಒಟ್ಟಿಗೆ ಅದನ್ನು ನಡೆಸಿ, ಆಯಿತು ಎಂದು ಉತ್ತರ ಕಳಿಸಬೇಕು. ಮನೆಯಲ್ಲಿ ಒಂದು ಲೋಟ ನೀರು ಕೇಳಿದರೆ ತಮ್ಮ ಏಳುವುದಿಲ್ಲ. ಇಲ್ಲಿ ಅವಳ ಒಂದು ಬೆರಳಿಗೆ ಮೂರು ಊರು ಏಳುತ್ತಿದ್ದವು. ಅದರ ಸೊಕ್ಕು ಸ್ವಲ್ಪ ಇತ್ತು, ಸುಳ್ಳು ಯಾಕೆ ಹೇಳಬೇಕು.

ಇದ್ದದ್ದು ಒಂದೇ ತೊಡಕು, ಬೀಗ. ಹಿಂದೊಮ್ಮೆ ರೋಣದ ಕಮರುನ್ನಿಸಾ ಆಪಾ ಸರ್ವರ್ ಬಿಚ್ಚಿಕೊಂಡು ಕೂತಿದ್ದಾಗ ಇಲ್ಲಿಂದ ಹೋದ ಕಮಾಂಡ್ ಅದನ್ನು ಚಾಲೂ ಮಾಡಿ, ಅವರ ಬೆರಳು ಫ್ಯಾನಿಗೆ ಸಿಕ್ಕಿತ್ತು. ಅಂದಿನಿಂದ ಕಾನೂನು ಬಂತು. ಸರ್ವರಿಗೆ ಕೈ ಹಚ್ಚುವವರು ಮೊದಲು ಅದರೊಳಗೆ 'ಬೀಗ' ಎಂಬ ಫೈಲ್ ಇಟ್ಟು ತಮ್ಮ ಹೆಸರು ಬರೆಯಬೇಕು. ಸರ್ವರ್ ತನ್ನ ಪಾಡಿಗೆ ನಡೆಯುತ್ತಿರುತ್ತದೆ, ಹೊರಗಿನ ಕಮಾಂಡ್ ಮಾತ್ರ ಅದನ್ನು ಮುಟ್ಟುವುದಿಲ್ಲ. ಹಾಕಿದವರೇ ತೆಗೆಯಬೇಕು. ಬೇರೆಯವರು ತೆಗೆದರೆ ಅವರ ಕೆಲಸಕ್ಕೇ ಕುತ್ತು.

"ಹಲೋ, ಸಿದ್ದರಾಮೇಶ ಅವರ್ರೀ? ನಿಮ್ಮ ಮೂರನೇದಕ್ಕ ಬೀಗ ಹಂಗ ಐತಿ."

"ಹೌದ್ರಿ ಮೇಡಂ? ತಗಿಯೋದ ಮರ್ತಬಿಟ್ಟೆ ನೋಡ್ರಿ."

"ನಿನ್ನೀನೂ ಮರ್ತಿದ್ರಿ."

"ನಿನ್ನಿ ಮರ್ತದ್ದು ಎರಡನೇದರಿ. ಇವತ್ತಿಂದು ಮೂರನೇದು."

ನಗು ಬಂದೇ ಬಿಟ್ಟಿತ್ತು. ಅವಳು ಕೆಮ್ಮಿ ನುಂಗಿಕೊಂಡಳು. "ನನಗ ಬಸ್ ಐತ್ರಿ."

"ಐದೂ ನಲವತ್ತಕ್ಕಲ್ರಿ? ಇನ್ನ ಹನ್ನೆರಡ ಮಿನಿಟ್ ಐತಿ. ನೀವು ಬ್ಯಾಗ್ ಹಾಕ್ಕೊಳ್ರಿ, ಅಷ್ಟರಾಗ ತಗಿತೀನಿ. ಹಾಂ, ಇವತ್ತ ನಿಮ್ಮ ಗುಡ್ಡದ ಮ್ಯಾಲಿನ ಫ್ಯಾನ್ ತಿರುಗಾಕತ್ತಾವೇನ್ರಿ?"

"ಅದನ್ಯಾಕ ಕೇಳ್ತೀರಿ?"

"ಗಾಳಿ ಲೆಕ್ಕ ಮಾಡೋ ಕಂಪನಿಯಾಗ ಅದೀವ್ರಿ. ಕೇಳಬಾರದೇನು?"

ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. "ತಿರುಗಾಕತ್ತಾವು," ಎಂದು ಫೋನ್ ಇಟ್ಟಳು. ಬಸ್ಸಿನ ಹಿಂದೆ ಓಡಿ ಹತ್ತಿದಳು. ಸೂಡಿ ಬರುವವರೆಗೂ ಕಿಟಕಿಗೆ ತಲೆ ಆನಿಸಿ, ಎರಡನೇದರಿ ಮೂರನೇದರಿ ಎಂದುಕೊಂಡು ಒಬ್ಬಳೇ ನಗುತ್ತಿದ್ದಳು.

ಅವನನ್ನು ಅವಳು ಕಂಡದ್ದು ಒಂದೇ ಸಲ, ನರಗುಂದದಲ್ಲಿ ಸರ್ವರ್ ಕೂಡಿಸಿದ ದಿನ. ಕಂಡದ್ದಾದರೂ ಏನು? ಮೇಜಿನ ಕೆಳಗೆ ವೈರುಗಳ ನಡುವೆ ಮಲಗಿದ್ದವನ ಎರಡು ಕಾಲು. ಒಂದಕ್ಕೆ ಕಂದು ಕಾಲುಚೀಲ, ಇನ್ನೊಂದಕ್ಕೆ ನೀಲಿ. "ನಮಸ್ಕಾರ್ರಿ" ಎಂದಿದ್ದವು ಕಾಲುಗಳು. ಮೂರು ತಿಂಗಳಿಂದ ಆ ಕಾಲುಗಳಿಗೆ ಅವಳು ಒಂದು ಮುಖ ಜೋಡಿಸುತ್ತಿದ್ದಳು. ದಿನಕ್ಕೊಂದು ಮುಖ, ಯಾವುದೂ ಒಪ್ಪುತ್ತಿರಲಿಲ್ಲ.

ಶ್ರಾವಣದ ಮೊದಲ ವಾರ ಮಲಪ್ರಭೆಗೆ ಮೇಲಿನಿಂದ ನೀರು ಬಿಡುವ ಸುದ್ದಿ ಬಂತು. ಗುರುಸಂಗಪ್ಪನವರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. "ಮಹೇಶ್ವರಿ, ಹೊಸ ಲೆಕ್ಕ ಹನ್ನೆರಡಕ್ಕೂ ಹೋಗಬೇಕವಾ. ಹೊಳಿ ದಂಡಿ ಹೊಳೆಮಣ್ಣೂರಿಗೆ ಐದಕ್ಕ ಮೆಸೇಜ್ ಮುಟ್ಟಬೇಕು."

ಅವಳು ಎಂಟರ್ ಒತ್ತಿದಳು. ಹನ್ನೊಂದು ಹಸಿರು. ನರಗುಂದ-೩ ಕೆಂಪು. ಬೀಗ: ಸಿದ್ದರಾಮೇಶ.

ಹನ್ನೆರಡೂ ಒಟ್ಟಾಗದೆ ಲೆಕ್ಕ ಶುರುವಾಗುವಂತಿರಲಿಲ್ಲ. ಫೋನ್ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ಒಂಬತ್ತು ಸಲ ಮಾಡಿದಳು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಕೆಂಪು ಸಾಲು ಹಸಿರಾಗುವ ಹೊತ್ತಿಗೆ ಐದೂ ನಲವತ್ತು. ಹೊಳೆಮಣ್ಣೂರಿನ ಜನ ಅಷ್ಟು ತಡವಾಗಿ ದನಕರು ಬಿಚ್ಚಿಕೊಂಡು ಹೊರಟರು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಆದರೆ ಮಹೇಶ್ವರಿಯ ಮೈಯೆಲ್ಲ ಉರಿಯುತ್ತಿತ್ತು. ಕೂತಲ್ಲೇ ಗುರುಸಂಗಪ್ಪನವರಿಗೆ ಮೇಲ್ ಬರೆದಳು: 'ಸಿದ್ದರಾಮೇಶ ಅವರು ಕೆಲಸವಿಲ್ಲದಿದ್ದರೂ ದಿನವೂ ಬೀಗ ಹಾಕಿ ಆಟ ಆಡುತ್ತಾರೆ. ಅಲ್ಲಿಗೆ ಬೇರೆಯವರನ್ನು ನೋಡುವುದು ಒಳ್ಳೆಯದು.'

ಮರುದಿನ ಕಮರುನ್ನಿಸಾ ಆಪಾ ರೋಣದಿಂದ ಫೋನ್ ಮಾಡಿದರು.

"ಗುರುಸಂಗಪ್ಪನವರು ಹೇಳಿದ್ರು. ಏನ್ ಬರದಿ ತಂಗಿ ನೀನು ಆ ಹುಡುಗನ ಮ್ಯಾಲ? ಕೇಳೀಯೇನ್ ಅವನ್ನ?"

"ಕೇಳೋದೇನ್ ಆಪಾ, ಒಂಬತ್ತ ಸಲ ಫೋನ್ ಮಾಡೀನಿ!"

"ಮೂರನೇದರ ಎರಡರಾಗ ಒಂದು ಪವರ್ ಸಪ್ಲೈ ಸುಟ್ಟು ಹೊಗಿ ಬರಾಕತ್ತಿತ್ತು. ಕೈಲೇ ಕಿತ್ತು ಹೊಸಾದು ಹಾಕ್ಯಾನ. ಎರಡ ಬೆರಳ ಸುಟ್ಟಾವು, ಬೀಗ ತಗದ ಮ್ಯಾಲ ದವಾಖಾನಿಗೆ ಕರ್ಕೊಂಡ ಹೋಗಿದ್ದು ನರಗುಂದದಾಗಿರೋ ನಮ್ಮ ತಮ್ಮ. ಫೋನ್ ಬೈಕಿನ ಡಬ್ಬಿಯಾಗಿತ್ತು." ಆಪಾ ಉಸಿರು ತೆಗೆದುಕೊಂಡರು. "ಅವನ ಮನಿ ಎಲ್ಲೈತಿ ಗೊತ್ತೇನ್ ನಿನಗ? ಹೊಳೆಮಣ್ಣೂರಾಗ. ಅವರವ್ವ ಸಿದ್ದವ್ವ ಅಲ್ಲೇ ಅದಾಳ. ಅಂಥಾ ದಿನ ಆಟ ಆಡ್ತಾನೇನ್ ಅವ?"

ಮಹೇಶ್ವರಿ ಕುರ್ಚಿಯ ಅಂಚಿಗೆ ಬಂದಳು. "ಮತ್ತ... ಉಳಿದ ದಿನದ ಬೀಗ?"

"ಅದನ್ನ ನನಗ್ಯಾಕ ಕೇಳ್ತಿ? ನೀ ರಜಾ ಇದ್ದಾಗ ಒಂದಾದ್ರೂ ಬೀಗ ಬಿದ್ದೈತೇನ್ ನೋಡಕೋ ಹೋಗ."

ಅವಳು ಹಳೆಯ ದಾಖಲೆ ತೆಗೆದು ನೋಡಿದಳು. ಅವಳಿಗೆ ಜ್ವರ ಬಂದ ಎರಡು ದಿನ ನರಗುಂದದ ನಾಲ್ಕೂ ಹಸಿರು. ಅಕ್ಕನ ಸೀಮಂತಕ್ಕೆ ಹೋದ ದಿನವೂ ಹಸಿರು. ಅವಳು ಕೂತ ದಿನ ಮಾತ್ರ, ಸಂಜೆ ಐದೂ ಇಪ್ಪತ್ತಕ್ಕೆ ಸರಿಯಾಗಿ, ಒಂದಕ್ಕೆ ಬೀಗ. ಓದುತ್ತಾ ಓದುತ್ತಾ ಕೆನ್ನೆ ಬಿಸಿಯಾಯಿತು, ಹಿಂದೆಯೇ ಕಣ್ಣೂ ತುಂಬಿತು.

ಆ ಸಂಜೆ ಹನ್ನೆರಡೂ ಹಸಿರು. ಮರುದಿನವೂ. ಅದರ ಮರುದಿನವೂ.

ಯಾರಿಗಾದರೂ ಹೇಳಿದರೆ ನಕ್ಕಾರು, ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಒಬ್ಬ ಹುಡುಗಿ ಒದ್ದಾಡುತ್ತಿದ್ದಾಳೆ ಎಂದು. ಅವಳು ಕಮಾಂಡನ್ನು ಎರಡು ಸಲ ನಡೆಸಿದಳು, ಒಂದು ದಿನ ಐದು ಸಲ. ಹನ್ನೆರಡೂ ಐದೂ ಸಲ ವಿನಯದಿಂದ ಹಸಿರಾದವು. ಬಸ್ಸಿಗೆ ಕಾಲು ಗಂಟೆ ಮೊದಲೇ ಹೋಗಿ ನಿಲ್ಲುತ್ತಿದ್ದಳು. ನಿಂತಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಚಹಾದ ಅಂಗಡಿಯವರೆಗೆ ಹೋಗುವುದು, ಬರುವುದು, ಫೋನ್ ತೆಗೆಯುವುದು, ಅವನ ನಂಬರ್ ನೋಡುವುದು, ಒಳಗಿಡುವುದು. ಏನೆಂದು ಮಾತಾಡುವುದು? ನಿಮ್ಮ ಸರ್ವರ್‌ಗಳೆಲ್ಲ ಚೆನ್ನಾಗಿವೆಯಲ್ಲ ಎಂದೇ? ಕೊನೆಗೆ ಕೆಲಸದ ನೆಪ ಹುಡುಕಿ ಒಮ್ಮೆ ಮಾಡಿಯೇ ಬಿಟ್ಟಳು.

"ಹೌದು ಮೇಡಂ. ಆಗೇತಿ ಮೇಡಂ," ಎಂದ. ಅಷ್ಟೇ. ಗುಡ್ಡದ ಫ್ಯಾನಿನ ಸುದ್ದಿ ಕೇಳಲಿಲ್ಲ.

ತಪ್ಪು ತನ್ನದೆಂದು ಗುರುಸಂಗಪ್ಪನವರಿಗೆ ಇನ್ನೊಂದು ಮೇಲ್ ಬರೆದಳು. ಅವರು ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದರು. "ನಾ ಅವಂಗ ಏನೂ ಅಂದಿಲ್ಲವಾ. ಆದರ ಕಮರುನ್ನಿಸಾನ ಕಡಿಂದ ತಿಳದಿರಬೇಕು, ಹುಡುಗ ತಾನ ಕೆಲಸ ಬಿಡ್ತೀನಂದ. ಬಾಗಲಕೋಟಿಯಾಗ ಸೋಲಾರ್ ಪಂಪಿನ ಕೆಲಸ ಸಿಕ್ಕೈತಂತ. ಶನಿವಾರ ಐದೂವರಿಗೆ ನಾಕೂ ಸರ್ವರ್ ಒಪ್ಪಿಸಿ, ಕೀಲಿ ಕೊಟ್ಟು ಹೋಗ್ತಾನ."

ಶನಿವಾರ ಎಂದರೆ ನಾಡಿದ್ದು.

ಆ ಎರಡು ದಿನ ಅವಳು ಹೇಗೆ ಕಳೆದಳೋ. ಅನ್ನದ ಮುಂದೆ ಕೂತು ಎದ್ದಳು. ಅವ್ವ ಹಣೆ ಮುಟ್ಟಿ ನೋಡಿದಳು, ಜ್ವರವಿರಲಿಲ್ಲ. ಅವನ ಮುಖ ನೋಡಿಲ್ಲ, ಮುಖ ನೋಡದವನಿಗಾಗಿ ಯಾರಾದರೂ ಹೀಗೆ ಹುಚ್ಚಾಗುತ್ತಾರೆಯೇ ಎಂದು ತನ್ನನ್ನೇ ಬೈದುಕೊಂಡಳು. ಬೈದರೇನು, ಮನಸ್ಸು ಕೇಳಬೇಕಲ್ಲ. ಪ್ರೀತಿಯೇ ಹೌದು, ಇನ್ನು ಅದಕ್ಕೆ ಬೇರೆ ಹೆಸರು ಹುಡುಕಿ ಉಪಯೋಗವಿರಲಿಲ್ಲ.

ಶನಿವಾರ ಐದೂ ಹದಿನೈದು. ಅವಳು ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು. ಬೀಗ ಬಿದ್ದ ಸರ್ವರನ್ನು ಯಾರೂ ಒಪ್ಪಿಸಿ ಹೋಗುವಂತಿಲ್ಲ, ಹಾಕಿದವರ ಹೊರತು ಯಾರೂ ಬೀಗ ತೆಗೆಯುವಂತಿಲ್ಲ. ಎರಡೂ ಗುರುಸಂಗಪ್ಪನವರದೇ ಕಾನೂನು. ಗಜೇಂದ್ರಗಡದಲ್ಲಿ ಕೂತವರು ನರಗುಂದದ ಸರ್ವರಿಗೆ ಬೀಗ ಹಾಕಬಾರದೆಂದು ಅವರು ಎಲ್ಲೂ ಬರೆದಿರಲಿಲ್ಲ. ಅಂಥ ಯೋಚನೆ ಯಾರಿಗೆ ಬಂದೀತು?

ಒಂದೇ ಸಾಲು ಬರೆದಳು. ನರಗುಂದ ಒಂದರಿಂದ ನಾಲ್ಕು. ಬೀಗ: ಮಹೇಶ್ವರಿ. ಕಣ್ಣು ಮುಚ್ಚಿ ಎಂಟರ್ ಒತ್ತಿದಳು.

ಐದೂ ಇಪ್ಪತ್ತು ಆಯಿತು. ಇಪ್ಪತ್ತೈದು ಆಯಿತು. ಮೂವತ್ತಾರಕ್ಕೆ ಫೋನ್ ಬಡಿದುಕೊಂಡಿತು.

"ಮೇಡಂ, ಸಿದ್ದರಾಮೇಶ್ರಿ. ಇಲ್ಲಿ ನಾಕಕ್ಕೂ ನಿಮ್ಮ ಬೀಗ ಐತಲ್ರಿ."

"ಹೌದ್ರಿ?" ಎಂದಳು. "ತಗಿಯೋದ ಮರ್ತಬಿಟ್ಟೆ ನೋಡ್ರಿ."

ಆ ಕಡೆ ಫ್ಯಾನುಗಳ ಸದ್ದು ಮಾತ್ರ.

"ಕೈ ಹ್ಯಾಂಗೈತ್ರಿ?" ಎಂದಳು.

"ಮಾಯಾಕತ್ತೈತ್ರಿ."

"ನಾ ನಿಮ್ಮನ್ನ ಕೇಳದ ಆ ಮೇಲ್ ಬರದೆ. ಭಾಳ ತಪ್ಪಾತು. ಅವತ್ತಿಂದ ನನಗ ಊಟ ಸೇರವಲ್ಲದು. ಹನ್ನೆರಡೂ ಹಸರ ಬಂದ್ರ ಅಳು ಬರ್ತೈತ್ರಿ ನನಗ." ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. "ನೀವು ಬಾಗಲಕೋಟಿಗೆ ಹೋಗಬ್ಯಾಡ್ರಿ. ನಿಮ್ಮ ಮಾರಿ ಸೈತ ನೋಡಿಲ್ಲ ನಾನು. ಆದ್ರೂ ಹೋಗಬ್ಯಾಡ್ರಿ."

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು.

"ನಾನೂ ಒಂದು ಖರೇ ಹೇಳ್ತೀನ್ರಿ," ಎಂದ ಅವನು ಮೆಲ್ಲಗೆ. "ಅವತ್ತಿಂದೊಂದು ಬಿಟ್ರ ಉಳದಾವೆಲ್ಲಾ ಸುಳ್ಳ ಬೀಗ. ನಿಮ್ಮ ದನಿ ಕೇಳದ ಸಂಜಿ ಆಗ್ತಿದ್ದಿಲ್ಲ ನನಗ. ತಪ್ಪ ನಂದೂ ಐತಿ. ನಾ ಅಷ್ಟ ಸುಳ್ಳ ಹಾಕಿದ್ದಕ್ಕ ನೀವು ಖರೇದನ್ನ ನಂಬಲಿಲ್ಲ."

"ಮತ್ತ ಈಗ?"

"ಈಗ ಸೂಡಿ ಬಸ್ ಹೋಗ್ತೈತಲ್ರಿ, ಐದೂ ನಲವತ್ತಾತು."

"ಹೋಗ್ಲಿ ಬಿಡ್ರಿ ಬಸ್ಸು! ನಾ ಕೇಳಿದ್ದಕ್ಕ ಹೇಳ್ರಿ."

"ಬೀಗ ಹಾಕಿದವರ ಬಂದ ತಗೀಬೇಕಲ್ರಿ. ಅದಕ್ಕೂ ಮೊದಲ ಮುಂಜಾನೆ ನಡುವಿನ ಊರು ರೋಣಕ್ಕ ಬರ್ರಿ, ಆಪಾನ ಮನಿಗೆ. ನಾನೂ ಬರ್ತೀನಿ. ಅಲ್ಲಿ ಹೇಳ್ತೀನಿ," ಎಂದು ನಕ್ಕು ಫೋನ್ ಇಟ್ಟುಬಿಟ್ಟ.

ಅವಳು ಫೋನನ್ನೇ ನೋಡುತ್ತಾ ಕೂತಳು. ಇದು ಹೌದೋ, ಅಲ್ಲವೋ? ರಾತ್ರಿಯಿಡೀ ಹೀಗೇ ಬೇಯಬೇಕೇ? ಕೆಳಗೆ ಸೂಡಿಯ ಬಸ್ಸು ಹಾರ್ನ್ ಹೊಡೆದು ಹೋಯಿತು. ಬೇರೇನೂ ತೋಚದೆ ದಿನದ ಕಮಾಂಡನ್ನು ಬರೆದು ಎಂಟರ್ ಒತ್ತಿದಳು.

ಎಂಟು ಸರ್ವರ್‌ಗಳು ಹೇಳಿದ ಮಾತು ಕೇಳಿದವು. ನಾಲ್ಕು ಕೇಳಲಿಲ್ಲ. ನಾಲ್ಕೂ ಕೆಂಪು ಸಾಲುಗಳಲ್ಲಿ, ಅವಳ ಹೆಸರಿನ ಪಕ್ಕ, ಈಗಷ್ಟೇ ಯಾರೋ ಇನ್ನೊಂದು ಹೆಸರು ಬರೆದಿದ್ದರು.

'ಬೀಗ: ಮಹೇಶ್ವರಿ, ಸಿದ್ದರಾಮೇಶ.'